ಪದಚರ್ಚೆ: ಮೀನಿನ ರೆಕ್ಕೆಗೆ ‘ಕೊಳೆ’ ಬಂತು ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುವವರಿಗಾಗಿ ಕನ್ನಡದಲ್ಲಿ ಒಂದು ಪುಟದ ಚೀಟಿ ಬರೆಯುತ್ತಿದ್ದೇನೆ. ನಮ್ಮ ಬೀದಿಯ ಅಕ್ವೇರಿಯಂ ಅಂಗಡಿಯಲ್ಲಿ ಮೀನು ಕೊಂಡವರ ಕೈಗೆ ಕೊಡುವುದಕ್ಕೆ. ‘ಫಿನ್ ರಾಟ್’, ಅಂದರೆ ಮೀನಿನ ರೆಕ್ಕೆ ಕೊಳೆಯುವ ಕಾಯಿಲೆಯ ಹತ್ತಿರ ಬಂದು, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ ಒಂದು ವಾರದಿಂದ ನಿಂತಿದ್ದೇನೆ.

ಈ ಕಾಯಿಲೆ ಫೈಟರ್, ಗಪ್ಪಿ, ಗೋಲ್ಡ್ ಫಿಶ್‌ಗಳಲ್ಲಿ ಜಾಸ್ತಿ ಕಾಣುತ್ತದೆ. ಮೊದಲು ರೆಕ್ಕೆಯ ಅಂಚು ಬೆಳ್ಳಗೆ ಮಸುಕಾಗುತ್ತದೆ. ಕೆಲವು ಮೀನುಗಳಲ್ಲಿ ಕಪ್ಪಗೆ, ಇಲ್ಲವೇ ಕೆಂಪಗೆ. ಆಮೇಲೆ ಹಳೇ ಸೀರೆಯ ಸೆರಗು ಎಳೆ ಬಿಟ್ಟ ಹಾಗೆ ಬಿಡಿಸಿಕೊಳ್ಳುತ್ತದೆ. ನಡುವಿನ ತೆಳು ಪೊರೆ ಹೋಗಿ, ಬಟ್ಟೆ ಕಿತ್ತ ಕೊಡೆಯಂತೆ ಬರೀ ಕಡ್ಡಿಗಳು ಉಳಿಯುತ್ತವೆ. ಬುಡದವರೆಗೆ ಹೋದರೆ ರೆಕ್ಕೆ ಮತ್ತೆ ಬರುವುದು ಕಷ್ಟ.

ನಾನು ಮೊದಲು ಬರೆದಿದ್ದು ‘ರೆಕ್ಕೆ ಕೊಳೆ’ ಅಂತ. ಶಿರಸಿಯಲ್ಲಿರುವ ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಅವರ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆ, ಅಂದರೆ ಕಾಯಿ ಕೊಳೆಯುವ ರೋಗ ಬರುತ್ತದಲ್ವಾ! ಅದಕ್ಕೇ ಮಳೆಗೆ ಮುಂಚೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸುತ್ತಾರೆ, ಹಿಂದೆಲ್ಲ ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಕರಾವಳಿ ಕಡೆ ಇದನ್ನೇ ಮಹಾಳಿ ಅನ್ನುತ್ತಾರೆ. ಮಲೆನಾಡಿನ ಈ ಮಾತಿನ ಬಗ್ಗೆ ನನಗೆ ತುಂಬ ಪ್ರೀತಿ. 1876ರಲ್ಲಿ ಕಾಫಿ ಗಿಡ ಕೊಳೆಸುವ ಒಂದು ಶಿಲೀಂಧ್ರಕ್ಕೆ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ. ಸಿ. ಕುಕ್ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಅಂತಲೇ ಹೆಸರಿಟ್ಟರು. ನಮ್ಮ ಮಾತು ಲ್ಯಾಟಿನ್ ಹೆಸರಿನೊಳಗೆ ಹೋಗಿ ಕೂತಿದೆ!

ಆದರೆ ಪಕ್ಕದ ಮನೆಯ ಹುಡುಗನಿಗೆ ಬೇರೆಯದೇ ಕೇಳಿಸಿತು. ಹತ್ತು ವರ್ಷದವನು, ಬೆಂಗಳೂರಲ್ಲೇ ಬೆಳೆದವನು. ಅವನ ಫೈಟರ್ ನೋಡಿ, “ರೆಕ್ಕೆಗೆ ಕೊಳೆ ಬಂದಿದೆ ಕಣೋ” ಅಂದೆ. ಅವನಿಗೆ ಕೊಳೆ ಅಂದರೆ ಬಟ್ಟೆಯ ಕೊಳೆ, ಕೈಯ ಕೊಳೆ. ಅಂದು ಸಂಜೆಯೇ ತೊಟ್ಟಿ ಖಾಲಿ ಮಾಡಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದ. ಆ ಸ್ಪಂಜಿನಲ್ಲಿ ಮೀನಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ನೀರಿಗೆ ಅವು ಸತ್ತವು. ನಾಲ್ಕನೇ ದಿನ ಮೀನೂ ಹೋಯಿತು. ಅವನು ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾಗಿ ಈ ಪದ ನನಗೆ ಸುಮ್ನೆ ಪದವಲ್ಲ. ಹೆಸರು ಏನು ಹೇಳುತ್ತದೋ ಜನ ಅದನ್ನೇ ಮಾಡುತ್ತಾರೆ.

‘ಕೊಳೆತ’ ಅಂದರೆ ಈ ಗೊಂದಲ ಇಲ್ಲ. ಸೆಳೆತ, ಕುಸಿತ, ಹೊಡೆತ ಇದ್ದ ಹಾಗೆ ‘ರೆಕ್ಕೆ ಕೊಳೆತ’. ಆದರೆ ಕೊಳೆತ ಅಂದಾಗ ಹಣ್ಣು, ಸೊಪ್ಪು, ಸತ್ತದ್ದು ನೆನಪಾಗುತ್ತದೆ, ನಾತವೂ ನೆನಪಾಗುತ್ತದೆ. ಇಲ್ಲಿ ಮೀನು ಬದುಕಿದೆ, ಗುಣವೂ ಆಗಬಲ್ಲದು. ‘ರೆಕ್ಕೆ ಸವೆತ’ ಅನ್ನಬಹುದಾ? ಸವೆತ ಉಜ್ಜಾಟದಿಂದ ಆಗುವುದು. ಇಲ್ಲಿ ಏರೊಮೊನಾಸ್, ಸ್ಯೂಡೊಮೊನಾಸ್ ಥರದ ಬ್ಯಾಕ್ಟೀರಿಯಾಗಳ ಕೈವಾಡ ಇದೆ. ಅವು ನೀರಿನಲ್ಲಿ ಇದ್ದೇ ಇರುತ್ತವೆ. ನೀರು ಕೆಟ್ಟು ಮೀನು ಸೊರಗಿದಾಗ ಮೇಲೆ ಬೀಳುತ್ತವೆ. ಅಂಗಡಿಯ ಹುಡುಗರು “ರೆಕ್ಕೆ ಕರಗ್ತಾ ಇದೆ ಸಾರ್” ಅನ್ನುತ್ತಾರೆ. ಕಣ್ಣಿಗೆ ಕಾಣುವುದು ಹಾಗೇ. ನನಗೆ ಇದೇ ಹೆಚ್ಚು ಹಿಡಿಸಿದೆ.

ಬೇರೆ ಮೀನು ಕಚ್ಚಿ ಹರಿದದ್ದನ್ನೂ ಇದರಿಂದ ಬೇರೆ ಮಾಡಿ ಹೇಳಬೇಕು. ಅದು ‘ಹರಿದ ರೆಕ್ಕೆ’. ಒಂದೇ ಕಡೆ ಸೀಳಿರುತ್ತದೆ, ಅಂಚಿನ ಬಣ್ಣ ಬದಲಾಗಿರುವುದಿಲ್ಲ. ಆದರೆ ನೀರು ಕೆಟ್ಟಿದ್ದರೆ ಹರಿದದ್ದೂ ಕರಗಲು ಶುರುವಾಗುತ್ತದೆ.

ಚೀಟಿಯಲ್ಲಿ ಉಪಚಾರ ಹೀಗೆ ಬರೆದಿದ್ದೇನೆ: ತೊಟ್ಟಿ ಪೂರ್ತಿ ತೊಳೆಯಬೇಡಿ. ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಇಲ್ಲದ ನೀರು ತುಂಬಿ. ತೆಗೆದ ಹಳೇ ನೀರಲ್ಲೇ ಸ್ಪಂಜನ್ನು ಹಿಂಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಲೀಟರಿಗೆ 1 ಗ್ರಾಂ ಉಪ್ಪು ಕರಗಿಸಿ ಹಾಕಬಹುದು. ಕ್ಯಾಟ್‌ಫಿಶ್ ಅಥವಾ ಗಿಡಗಳಿದ್ದರೆ ಬೇಡ. ಅಂಚಿನಲ್ಲಿ ಗಾಜಿನಂಥ ತೆಳು ಪೊರೆ ಕಂಡರೆ ರೆಕ್ಕೆ ಮತ್ತೆ ಚಿಗುರುತ್ತಿದೆ ಅಂತ ಅರ್ಥ. ಈ ‘ಚಿಗುರು’ ಇಲ್ಲಿ ಸರಿಹೊಂದುತ್ತದೆ ಅಲ್ವಾ?

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಪಾಠಪುಸ್ತಕದವರು ‘ಈಜುರೆಕ್ಕೆ’ ಅನ್ನುತ್ತಾರೆ. ಮೀನು ಕೊಯ್ಯುವಾಗ ಕತ್ತರಿಸಿ ತೆಗೆಯುವ ರೆಕ್ಕೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಅದರೊಳಗಿನ ಕಡ್ಡಿಗೆ ಬೇರೆ ಹೆಸರಿದೆಯಾ? ಮುಂದಿನ ವಾರ ಚೀಟಿ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ತಿಳಿಸಿದರೆ ನಿಮ್ಮ ಪದವನ್ನೇ ಹಾಕುತ್ತೇನೆ.