ಮೆಕ್ಯಾನಿಕ್‌ನ ಕೇಳಿ: ಏರ್ ಫ್ಲೋ ಸೆನ್ಸರ್ ನಾನೇ ತೊಳೆಯಬಹುದಾ?

ಪ್ರಶ್ನೆ: ನನ್ನದು ಎಂಟು ವರ್ಷದ ಪೆಟ್ರೋಲ್ ಕಾರು, 1.8 ಲೀಟರ್ ಎಂಜಿನ್. ಒಂದು ತಿಂಗಳಿಂದ ಪಿಕಪ್ ಇಲ್ಲ. ಓವರ್‌ಟೇಕ್ ಮಾಡೋಣ ಅಂತ ಒತ್ತಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ. ಮೈಲೇಜೂ ಇಳಿದಿದೆ. ಮೊನ್ನೆ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್ ಹಾಕಿದರೆ ಪಿ0101 ಮತ್ತು ಪಿ0171 ಅಂತ ಎರಡು ಕೋಡ್. ‘ಏರ್ ಫ್ಲೋ ಸೆನ್ಸರ್ ಹೋಗಿದೆ, ಹೊಸದೇ ಹಾಕಬೇಕು’ ಅಂದರು ಗ್ಯಾರೇಜಿನವರು. ತೊಳೆದರೆ ಸರಿ ಹೋಗುತ್ತದಾ? ನಾನೇ ಮಾಡಬಹುದಾ?

ಉತ್ತರ: ಹೊಸದನ್ನು ಈಗಲೇ ತರಬೇಡಿ. ಈ ಕೋಡ್‌ಗಳು ಸೆನ್ಸರ್ ಸತ್ತಿದೆ ಅಂತ ಹೇಳುತ್ತಿಲ್ಲ. ಪಿ0101 ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಬಗ್ಗೆ ಸೆನ್ಸರ್ ಕೊಡುವ ಲೆಕ್ಕ ಎಂಜಿನ್ ಕಂಪ್ಯೂಟರಿನ ಅಂದಾಜಿಗೆ ತಾಳೆ ಆಗುತ್ತಿಲ್ಲ ಅಂತ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ. ಅಷ್ಟೇ. ಯಾಕೆ ಅನ್ನೋದನ್ನು ನಾವೇ ಹುಡುಕಬೇಕು.

ಈ ಸೆನ್ಸರ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನದು ಸುಲಭ. ಏರ್ ಫಿಲ್ಟರ್ ಬಾಕ್ಸ್‌ನಿಂದ ಹೊರಟ ಪೈಪಿನಲ್ಲಿ ಕೂದಲೆಳೆಯಂಥ ಪ್ಲಾಟಿನಂ ತಂತಿ ಇರುತ್ತದೆ. ಈಚಿನ ಹಲವು ಕಾರುಗಳಲ್ಲಿ ತಂತಿಯ ಬದಲು ತೆಳ್ಳನೆ ಫಿಲ್ಮ್. ಅದನ್ನು ಕರೆಂಟ್ ಕೊಟ್ಟು ಒಳಬರುವ ಗಾಳಿಗಿಂತ ಇಷ್ಟು ಡಿಗ್ರಿ ಬಿಸಿ ಅಂತ ಕಾಯಿಸಿಟ್ಟಿರುತ್ತಾರೆ. ಸುಟ್ಟ ಬೆರಳಿಗೆ ಉಫ್ ಅಂತ ಊದಿದರೆ ತಣ್ಣಗಾಗುತ್ತದೆ ಅಲ್ವಾ, ಹಾಗೆಯೇ ಗಾಳಿ ಹೆಚ್ಚು ಹರಿದಷ್ಟೂ ತಂತಿ ತಣಿಯುತ್ತದೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯಿತೋ ಅದೇ ಗಾಳಿಯ ಲೆಕ್ಕ. ಪೆಟ್ರೋಲ್ ಎಂಜಿನ್ನಿಗೆ 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್. ಗಾಳಿಯ ಲೆಕ್ಕ ತಪ್ಪಿದರೆ ಪೆಟ್ರೋಲಿನ ಲೆಕ್ಕವೂ ತಪ್ಪಿತು.

ತಂತಿಯ ಮೇಲೆ ಧೂಳು, ಎಣ್ಣೆಯ ಪಸೆ ಕೂತರೆ ಕಂಬಳಿ ಹೊದ್ದ ಹಾಗೆ. ಗಾಳಿ ಜೋರಾಗಿ ಹರಿದರೂ ಸಾಕಷ್ಟು ತಣಿಯುವುದಿಲ್ಲ. ‘ಗಾಳಿ ಕಡಿಮೆ ಬಂತು’ ಅಂತ ವರದಿ ಹೋಗುತ್ತದೆ, ಪೆಟ್ರೋಲೂ ಕಡಿಮೆ ಬೀಳುತ್ತದೆ. ನಿಮ್ಮ ಗಾಡಿ ತಡವರಿಸುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಆಮೇಲೆ ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ತಪ್ಪನ್ನು ಕಂಡುಹಿಡಿದು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಸೇರಿಸುತ್ತದೆ. ಈ ಸೇರಿಸುವ ಲೆಕ್ಕಕ್ಕೆ ಫ್ಯುಯಲ್ ಟ್ರಿಮ್ ಅಂತಾರೆ, ಶೇಕಡಾದಲ್ಲಿ ಹೇಳುತ್ತಾರೆ. ಅದು ಮಿತಿ ಮೀರಿದಾಗಲೇ ಪಿ0171 ಬರುವುದು.

ಆದರೆ ಪಿ0171ಗೆ ಇನ್ನೊಂದು ದೊಡ್ಡ ಕಾರಣವಿದೆ. ಸೆನ್ಸರ್ ದಾಟಿದ ಮೇಲಿನ ರಬ್ಬರ್ ಹೋಸ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಲೆಕ್ಕಕ್ಕೇ ಸಿಗದ ಗಾಳಿ ಒಳಗೆ ಹೋಗುತ್ತದೆ. ಹೋಸಿನ ಮಡಿಕೆಗಳನ್ನು ಕೈಯಲ್ಲಿ ಬಿಡಿಸಿ ನೋಡಿ. ಬಿರುಕು ಮಡಿಕೆಯ ಒಳಗೇ ಅಡಗಿರುತ್ತದೆ. ಮೇಲಿಂದ ನೋಡಿದರೆ ಹೊಸದರ ಹಾಗೆ ಕಾಣುತ್ತದೆ.

ಸ್ಕ್ಯಾನರ್ ಸಿಕ್ಕರೆ ಎಂಜಿನ್ ಬಿಸಿ ಆದ ಮೇಲೆ ಲಾಂಗ್ ಟರ್ಮ್ ಟ್ರಿಮ್, ಅಂದರೆ ಕಂಪ್ಯೂಟರ್ ಓಡುತ್ತಾ ಓಡುತ್ತಾ ಕಲಿತಿಟ್ಟ ಟ್ರಿಮ್, ನೋಡಿ. ಐಡ್ಲಿಂಗ್‌ನಲ್ಲಿ ತುಂಬಾ ಜಾಸ್ತಿ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಲೀಕ್ ಇದೆ. ಐಡ್ಲಿಂಗ್‌ನಲ್ಲಿ ಸರಿಯಾಗಿದ್ದು, ಏರುದಾರಿಯಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ ಏರಿದರೆ ಸೆನ್ಸರ್ ಕೊಳೆಯಾಗಿರಬಹುದು, ಇಲ್ಲವೇ ಪೆಟ್ರೋಲ್ ಪ್ರೆಶರ್ ಕಡಿಮೆ ಇರಬಹುದು. ಏನು ಬಂತು ಹೇಳಿ, ಮುಂದಿನದು ಆಮೇಲೆ.

ಮೊದಲು ಕೇಳಿದವರು: ಹೋಸ್ ಚೆನ್ನಾಗಿದೆ. ಟ್ರಿಮ್ ಐಡ್ಲಿಂಗ್‌ನಲ್ಲಿ 4, ಏರು ಹತ್ತುವಾಗ 19. ಮನೆಯಲ್ಲಿ ಬ್ರೇಕ್ ಕ್ಲೀನರ್ ಇದೆ, ಅದರಲ್ಲೇ ತೊಳೆಯಲಾ?

ಉತ್ತರ: ಬೇಡ. ಬ್ರೇಕ್ ಕ್ಲೀನರ್ ಬೇಡ, ಕಾರ್ಬೊರೇಟರ್ ಕ್ಲೀನರ್ ಅಂತೂ ಬೇಡವೇ ಬೇಡ. ಲೋಹದ ಮೇಲಿನ ಜಿಡ್ಡಿಗೆ ಅವು ಚೆನ್ನಾಗಿವೆ. ಸೆನ್ಸರಿನಲ್ಲಿರುವುದು ಪ್ಲಾಸ್ಟಿಕ್ ಮೈ, ತೆಳ್ಳನೆ ಲೇಪ, ಅಂಟು ಹಾಕಿದ ಜಾಗಗಳು. ಇವನ್ನೆಲ್ಲ ಅವು ತಿಂದು ಹಾಕಬಹುದು. ಒಣಗಿದ ಮೇಲೆ ಪಸೆ ಉಳಿದರೆ ಮತ್ತೆ ಅದೇ ಕಂಬಳಿ ಹೊದಿಸಿದ ಹಾಗೆ ಆಯಿತು.

ಎಂಎಎಫ್ ಸೆನ್ಸರ್ ಕ್ಲೀನರ್ ಅಂತಲೇ ಬರುವ ಸ್ಪ್ರೇ ತನ್ನಿ. ಎಂಎಎಫ್ ಅಂದರೆ ಈ ಏರ್ ಫ್ಲೋ ಸೆನ್ಸರೇ. ಪಸೆ ಉಳಿಸದೆ ಬೇಗ ಆರುತ್ತದೆ. ಸಿಗದಿದ್ದರೆ ‘ಪ್ಲಾಸ್ಟಿಕ್‌ಗೆ ತೊಂದರೆ ಇಲ್ಲ, ಪಸೆ ಉಳಿಯುವುದಿಲ್ಲ’ ಅಂತ ಬರೆದಿರುವ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಆದೀತು. ಆದರೆ ಕೆಲವು ಕಾಂಟ್ಯಾಕ್ಟ್ ಕ್ಲೀನರ್‌ಗಳಲ್ಲಿ ಎಣ್ಣೆ ಬೆರೆಸಿರುತ್ತಾರೆ, ಡಬ್ಬಿ ಓದಿಯೇ ತೆಗೆದುಕೊಳ್ಳಿ.

ಈಗ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಕೀ ತೆಗೆದಿರಬೇಕು. ಕೀ ಆನ್ ಇದ್ದಾಗ ಕಪ್ಲರ್ (ಸೆನ್ಸರಿಗೆ ವೈರ್ ಸೇರಿಸುವ ಪ್ಲಗ್) ಎಳೆದರೆ ಇನ್ನೊಂದು ಕೋಡ್ ಸುಮ್ನೆ ಬಂದು ಕೂರುತ್ತದೆ. ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಗಾಳಿ ಆಡುವ ಜಾಗದಲ್ಲಿ ಮಾಡಿ. ಕಪ್ಲರಿನ ಲಾಕ್ ಒತ್ತಿ ಹಿಡಿದು ಮೈಯನ್ನೇ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಎಂಟು ವರ್ಷದ ಪ್ಲಾಸ್ಟಿಕ್, ಕಟಕ್ ಅಂತ ಮುರಿಯುವ ವಯಸ್ಸು. ಸೆನ್ಸರಿಗೆ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ, ಬಹಳ ಗಾಡಿಗಳಲ್ಲಿ ನಕ್ಷತ್ರದ ತಲೆಯವು. ಸರಿಯಾದ ಬಿಟ್ ಇಲ್ಲದೆ ಸಾಮಾನ್ಯ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ.

ತೆಗೆಯುವ ಮುಂಚೆ ಸುತ್ತಲಿನ ಧೂಳನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಅದೆಲ್ಲ ಪೈಪಿನೊಳಗೆ ಬೀಳುತ್ತದೆ. ಯಾವ ಮುಖ ಎತ್ತ ಇತ್ತು ಅಂತ ಒಂದು ಫೋಟೋ ತೆಗೆದುಕೊಳ್ಳಿ. ಸೆನ್ಸರ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಚಿಕ್ಕ ಕಿಂಡಿಯೊಳಗೆ ತಂತಿ ಅಥವಾ ಫಿಲ್ಮ್ ಕಾಣುತ್ತದೆ. ಪಕ್ಕದಲ್ಲಿ ಹನಿಯ ಹಾಗೆ ತೂಗುವ ಸಣ್ಣ ಮಣಿ ಇದ್ದರೆ ಅದು ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್. ಅದಕ್ಕೂ ಸ್ಪ್ರೇ ತಾಗಲಿ, ಆದರೆ ಮೆಲ್ಲಗೆ.

ಡಬ್ಬಿ ನೆಟ್ಟಗೆ ಹಿಡಿದು ಸುಮಾರು 10 ಸೆಂಟಿಮೀಟರ್ ದೂರದಿಂದ ಚಿಕ್ಕ ಚಿಕ್ಕದಾಗಿ ಹತ್ತು ಹದಿನೈದು ಸಲ ಹೊಡೆಯಿರಿ. ಸ್ಪ್ರೇಯ ಕೊಳವೆಯ ತುದಿ ಕಿಂಡಿಯೊಳಗೆ ಹೋಗಬಾರದು. ಕೆಳಗೊಂದು ಬಿಳಿ ಕಾಗದ ಇಡಿ. ಮೊದಲಿಗೆ ಕಂದು ಬಣ್ಣದ ಹನಿಗಳು ಬೀಳುತ್ತವೆ, ಆಮೇಲೆ ತಿಳಿಯಾಗುತ್ತವೆ. ಕಾಗದದ ಮೇಲೆ ಬಣ್ಣ ಬರುವುದು ನಿಂತರೆ ಸಾಕು. ಆಮೇಲೆ ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ಒರೆಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಕಂಪ್ರೆಸರ್ ಗಾಳಿಯಂತೂ ಹಿಡಿಯಲೇಬೇಡಿ.

ಇನ್ನೊಬ್ಬರು: ಇಯರ್ ಬಡ್‌ನಿಂದ ಮೆಲ್ಲಗೆ ಒರೆಸಿದರೆ ಚೆನ್ನಾಗಿ ಹೋಗುವುದಿಲ್ವಾ? ವಿಡಿಯೋದಲ್ಲಿ ನೋಡಿದೆ.

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸ ಕಲಿಯುತ್ತಿದ್ದ ಕಾಲ. ತಂತಿಯ ಮೇಲೆ ಹತ್ತಿಯ ಒಂದೇ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸೋಣ ಅಂತ ಬಡ್ ಸ್ವಲ್ಪ ತಿರುಗಿಸಿದೆ. ಸದ್ದೂ ಬರಲಿಲ್ಲ. ತಂತಿ ಎರಡು ತುದಿಯಲ್ಲಿ ಎರಡು ಮೀಸೆಯ ಹಾಗೆ ನಿಂತಿತು. ಆವತ್ತು ತೊಳೆಯಲು ತೆಗೆದ ಸೆನ್ಸರ್ ಚೆನ್ನಾಗಿಯೇ ಇತ್ತು, ಕೊಂದವನು ನಾನು. ಹೊಸದು ತಂದುಕೊಟ್ಟೆ. ಫಿಲ್ಮ್ ಇದ್ದರೂ ಅಷ್ಟೇ, ಗೀರು ಬಿದ್ದರೆ ಲೆಕ್ಕ ತಪ್ಪುತ್ತದೆ.

ಇನ್ನೊಬ್ಬರು: ನನ್ನ ಕಾರಿನಲ್ಲಿ ಫಿಲ್ಟರ್ ಬಾಕ್ಸ್‌ನಿಂದ ಥ್ರಾಟಲ್‌ವರೆಗೆ ಹುಡುಕಿದೆ, ಇಂಥದ್ದು ಏನೂ ಇಲ್ಲ!

ಉತ್ತರ: ಇಲ್ಲದೆಯೂ ಇರಬಹುದು. ಅನೇಕ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಎಂಎಎಫ್ ಇರುವುದಿಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಎಂಎಪಿ ಸೆನ್ಸರ್ ಇರುತ್ತದೆ. ಅದು ಒಳಗಿನ ಒತ್ತಡ ಅಳೆಯುತ್ತದೆ. ಒತ್ತಡ, ಆರ್‌ಪಿಎಂ, ಗಾಳಿಯ ಉಷ್ಣತೆ ಮೂರನ್ನೂ ಸೇರಿಸಿ ಕಂಪ್ಯೂಟರ್ ಗಾಳಿಯ ಲೆಕ್ಕ ಕಟ್ಟುತ್ತದೆ. ಅದರ ತೂತಿನಲ್ಲೂ ಎಣ್ಣೆ ಮಸಿ ಕಟ್ಟುತ್ತದೆ. ಆದರೆ ತೊಂದರೆ ಇಲ್ಲದಿದ್ದರೆ ಬಿಚ್ಚಬೇಡಿ. ತೂತಿನೊಳಗೆ ಪಿನ್ ಹಾಕಬೇಡಿ.

ಇನ್ನೊಬ್ಬರು: ನನ್ನದು ಡೀಸೆಲ್. ಅದಕ್ಕೂ ಇದೇ ಕಥೆಯಾ? ಇನ್ನೊಂದು, ತೊಳೆದು ಮತ್ತೆ ಬಳಸುವ ಕಾಟನ್ ಫಿಲ್ಟರ್ ಹಾಕಿದ್ದೇನೆ. ಎರಡು ಸಲ ಸೆನ್ಸರ್ ಕೊಳೆ ಆಯಿತು.

ಉತ್ತರ: ಎರಡನೆಯ ಮಾತಿಗೆ ಮೊದಲು ಉತ್ತರ. ಆ ಫಿಲ್ಟರಿಗೆ ಎಣ್ಣೆ ಹಚ್ಚುತ್ತೀರಿ ತಾನೆ? ಜಾಸ್ತಿ ಹಚ್ಚಿದರೆ ಗಾಳಿಯ ಜೊತೆ ಎಣ್ಣೆ ಹಾರಿ ಬಂದು ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ. ಆ ಪಸೆಗೆ ಧೂಳು ಅಂಟುತ್ತದೆ. ಎಣ್ಣೆ ಹಚ್ಚಿದ ಮೇಲೆ ರಾತ್ರಿಯಿಡೀ ಬಿಟ್ಟು, ಬಟ್ಟೆಯಿಂದ ಒತ್ತಿ ಹೆಚ್ಚಿನದನ್ನು ತೆಗೆಯಿರಿ. ನನ್ನನ್ನು ಕೇಳಿದರೆ ದಿನ ಓಡಿಸುವ ಗಾಡಿಗೆ ಕಂಪನಿ ಕೊಟ್ಟ ಕಾಗದದ ಫಿಲ್ಟರ್ ಸಾಕು.

ಡೀಸೆಲ್‌ನಲ್ಲಿ ಗಾಳಿ ಯಾವಾಗಲೂ ಬೇಕಿದ್ದಕ್ಕಿಂತ ಜಾಸ್ತಿಯೇ ಇರುತ್ತದೆ, ಹಾಗಾಗಿ 14.7ರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೆನ್ಸರ್ ಮುಖ್ಯವಾಗಿ ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಎಷ್ಟು ತೆರೆಯಬೇಕು, ಹೊಗೆ ಬರದ ಹಾಗೆ ಎಷ್ಟು ಡೀಸೆಲ್ ಬಿಡಬಹುದು ಅಂತ ಹೇಳುತ್ತದೆ. ಗಾಳಿ ಕಡಿಮೆ ತೋರಿಸಿದರೆ ಡೀಸೆಲ್ ಕಡಿತ, ಎಳೆತ ಇಲ್ಲ. ಜಾಸ್ತಿ ತೋರಿಸಿದರೆ ಹೊಗೆ. ತೊಳೆಯುವ ರೀತಿ ಒಂದೇ.

ಇನ್ನೊಬ್ಬರು: ಎಷ್ಟು ಕಿಲೋಮೀಟರಿಗೆ ಒಮ್ಮೆ ತೊಳೆಯಬೇಕು?

ಉತ್ತರ: ಲೆಕ್ಕ ಇಟ್ಟುಕೊಂಡು ತೊಳೆಯಬೇಡಿ. ಫಿಲ್ಟರ್ ಬದಲಾಯಿಸುವಾಗ ಟಾರ್ಚ್ ಹಾಕಿ ನೋಡಿ, ಸಾಕು. ಒಂದು ಹಳೆಯ ಮಜಾ ಹೇಳುತ್ತೇನೆ. 1980ರ ದಶಕದ ಬಾಷ್ ಎಲ್‌ಎಚ್-ಜೆಟ್ರಾನಿಕ್ ಅನ್ನುವ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಇದ್ದ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೆ ತಂತಿ ಒಂದು ಸೆಕೆಂಡ್ ಕೆಂಪಗೆ ಕಾಯುತ್ತಿತ್ತು, ಸುಮಾರು 1000 ಡಿಗ್ರಿ. ಮೇಲಿನ ಕೊಳೆ ಅಲ್ಲೇ ಸುಟ್ಟುಹೋಗುತ್ತಿತ್ತು. ತನ್ನನ್ನು ತಾನೇ ತೊಳೆದುಕೊಳ್ಳುವ ಸೆನ್ಸರ್! ಆಮೇಲೆ ಬಂದ ಫಿಲ್ಮ್ ಸೆನ್ಸರ್‌ಗಳಲ್ಲಿ ಗಾಳಿಯನ್ನು ಪಕ್ಕದ ಓಣಿಯೊಳಗೆ ತಿರುಗಿಸಿ ಅಳೆಯುತ್ತಾರೆ. ಭಾರದ ಧೂಳು ತಿರುವು ತೆಗೆದುಕೊಳ್ಳಲಾರದೆ ನೇರ ಹೋಗಿಬಿಡುತ್ತದೆ. ಅಂದರೆ ಒಳ್ಳೆಯ ಫಿಲ್ಟರ್ ಇರುವ ಗಾಡಿಯಲ್ಲಿ ಸೆನ್ಸರ್ ಅಷ್ಟು ಬೇಗ ಕೊಳೆ ಆಗಲೇಬಾರದು. ಆಗಿದ್ದರೆ ಧೂಳು ಎಲ್ಲಿಂದ ಬಂತು ಅಂತ ಮೊದಲು ಹುಡುಕಿ.

ಮೊದಲು ಕೇಳಿದವರು: ತೊಳೆದೆ! ಕಾಗದದ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಕೋಡ್ ಅಳಿಸಿ ಓಡಿಸಿದೆ, ಪಿಕಪ್ ವಾಪಸ್ ಬಂದಿದೆ. ಏರಿನಲ್ಲಿ ಟ್ರಿಮ್ ಈಗ 6. ಫಿಲ್ಟರ್ ಬಾಕ್ಸ್ ಬಿಚ್ಚಿದಾಗ ಒಂದು ಮೂಲೆಯಲ್ಲಿ ಫಿಲ್ಟರಿನ ರಬ್ಬರ್ ಅಂಚು ಮಡಚಿಕೊಂಡಿತ್ತು. ಅಲ್ಲಿಂದ ಸೆನ್ಸರ್ ಕಡೆಗೆ ಬೂದಿಯಂಥ ಧೂಳಿನ ಒಂದು ಪಟ್ಟಿ. ಸೆನ್ಸರಿನ ಓ-ರಿಂಗ್ (ಸುತ್ತಲಿನ ರಬ್ಬರ್ ಉಂಗುರ) ಒಂದು ಕಡೆ ಚಪ್ಪಟೆಯಾಗಿದೆ, ಸದ್ಯಕ್ಕೆ ಅದನ್ನೇ ಹಾಕಿದ್ದೇನೆ. ಮತ್ತೆ ಇನ್ನೊಂದು, ಬ್ಯಾಟರಿ ತೆಗೆದು ಹಾಕಬೇಕಾ? ಯಾರೋ ಹೇಳಿದರು.

ಉತ್ತರ: ಕಳ್ಳ ಸಿಕ್ಕಿದ. ಆ ಪಟ್ಟಿಯೇ ದಾರಿ. ಹಿಂದಿನ ಸಲ ಫಿಲ್ಟರ್ ಹಾಕಿದವರು ಬಾಕ್ಸ್ ಮುಚ್ಚುವಾಗ ಅಂಚು ಕೂತಿದೆಯಾ ಅಂತ ನೋಡಿಲ್ಲ. ಫಿಲ್ಟರ್ ಹೊಸದು ಹಾಕಿ, ಕ್ಲಿಪ್ ಹಾಕುವ ಮುಂಚೆ ನಾಲ್ಕು ಮೂಲೆಗೂ ಬೆರಳು ಆಡಿಸಿ. ಬಾಕ್ಸ್‌ನ ಒಳಭಾಗ, ಅದರಲ್ಲೂ ಸೆನ್ಸರ್ ಕಡೆಯ ಅರ್ಧ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಅಲ್ಲಿ ಧೂಳು ಬಿಟ್ಟರೆ ನಾಳೆ ಮತ್ತೆ ಸೆನ್ಸರಿನ ಮೇಲೇ ಬರುತ್ತದೆ.

ಬ್ಯಾಟರಿ ಮುಟ್ಟಬೇಡಿ. ಕೋಡ್ ಅಳಿಸಿದ್ದೀರಿ, ಸಾಕು. ಬ್ಯಾಟರಿ ತೆಗೆದರೆ ಕೆಲವು ಗಾಡಿಗಳಲ್ಲಿ ಕಂಪ್ಯೂಟರ್ ಐಡ್ಲಿಂಗ್ ಬಗ್ಗೆ ಕಲಿತದ್ದೂ ಮರೆತುಹೋಗಿ ಹೊಸ ತಲೆನೋವು. ಟ್ರಿಮ್ ಒಂದು ವಾರ ಓಡಿಸಿದ ಮೇಲೆ ಮತ್ತೆ ನೋಡಿ. 10ರ ಒಳಗೇ ನಿಂತರೆ ಸೆನ್ಸರ್ ಬಗ್ಗೆ ಮರೆತುಬಿಡಿ. ಏರಿನಲ್ಲಿ ಟ್ರಿಮ್ ಮತ್ತೆ ಜಾಸ್ತಿಯಾದರೆ ಸೆನ್ಸರ್ ಕೊಳ್ಳುವ ಮುಂಚೆ ಪೆಟ್ರೋಲ್ ಪ್ರೆಶರ್ ಚೆಕ್ ಮಾಡಿಸಿ. ಆ ಓ-ರಿಂಗ್ ಮಾತ್ರ ಈ ವಾರವೇ ಬದಲಾಯಿಸಿ. ಅದರ ಸಂದಿಯಿಂದ ಒಳಬರುವ ಗಾಳಿಗೆ ಫಿಲ್ಟರೂ ಇಲ್ಲ, ಲೆಕ್ಕವೂ ಇಲ್ಲ.