ಪದಚರ್ಚೆ: ಆಣ್ವಿಕ ಜೀವಶಾಸ್ತ್ರದ ಕೈಪಿಡಿಗೆ ‘ಪ್ರತಿ’, ‘ಪೂರಕ’, ‘ವಾಹಕ’, ‘ರೂಪಾಂತರ’

ಬಲ್ಲವರೆಲ್ಲರಿಗೂ ನಮಸ್ಕಾರ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯು ವಿಜ್ಞಾನಕ್ಕೆ ಸೇರುವ ಮಕ್ಕಳಿಗಾಗಿ ಆಣ್ವಿಕ ಜೀವಶಾಸ್ತ್ರದ ಒಂದು ಓದುಕೈಪಿಡಿ ಸಿದ್ಧವಾಗುತ್ತಿದೆ. ಎನ್‌ಸಿಇಆರ್‌ಟಿ ಪುಸ್ತಕ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಪಿಯುಸಿಯ ಮಕ್ಕಳು ಓದುವುದು ಅದರ ಇಂಗ್ಲಿಷ್ ರೂಪವನ್ನು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ಅರ್ಥದಲ್ಲಿ ಗೊಂದಲ ಬಂದರೆ ಮಾತ್ರ ಇಂಗ್ಲಿಷ್ ರೂಪವೇ ಅಂತಿಮ. ಹಾಗಾಗಿ ಮಕ್ಕಳಿಗೆ ಎರಡೂ ಕಡೆಯ ಪದಗಳು ಬೇಕು, ಒಂದನ್ನು ನೋಡಿದ ಕೂಡಲೇ ಇನ್ನೊಂದು ಹೊಳೆಯಬೇಕು.

ಪಾರಿಭಾಷಿಕ ಪದಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ದೋಷ ಕಾಣುವುದಿಲ್ಲ. ಒಂದೇ ಪುಟದಲ್ಲಿ ಸೇರಿಸಿದಾಗ ಹೀಗಾಗುತ್ತದೆ: ‘ಪ್ರತಿಕೃತಿಯ ಹೊತ್ತಿನಲ್ಲಿ ಪ್ರತಿಸಮಾಂತರ ಎಳೆಗಳ ಪ್ರತ್ಯಾಮ್ಲಗಳು ಬೇರ್ಪಡುತ್ತವೆ. ಪ್ರತಿಲೇಖನದಲ್ಲಿ ಒಂದೇ ಎಳೆಯಿಂದ ಪ್ರತಿ ತಯಾರಾಗುತ್ತದೆ. ಅದರ ಪ್ರತಿ ಸಂಕೇತಕ್ಕೂ ಒಂದು ಪ್ರತಿಸಂಕೇತ ಹೊಂದಿಕೊಳ್ಳುತ್ತದೆ.’ ಕೊನೆಯ ವಾಕ್ಯದಲ್ಲಿ ‘ಪ್ರತಿ ಸಂಕೇತ’ ಎಂದರೆ ಒಂದೊಂದು ಕೋಡಾನ್ (ಆರ್‌ಎನ್‌ಎ ಬರಹದ ಮೂರಕ್ಷರದ ಗುಂಪು), ‘ಪ್ರತಿಸಂಕೇತ’ ಎಂದರೆ ಆಂಟಿಕೋಡಾನ್ (ಅದಕ್ಕೆ ಜೋಡಿಯಾಗುವ ಮೂರಕ್ಷರ). ಎರಡನ್ನೂ ಬೇರೆ ಮಾಡುವುದು ನಡುವಿನ ಒಂದು ಖಾಲಿ ಜಾಗ. ತರಗತಿಯಲ್ಲಿ ಓದಿ ಹೇಳುವಾಗ ಅದೂ ಉಳಿಯುವುದಿಲ್ಲ.

ಇದನ್ನು ಹೇಗೆ ಬಿಡಿಸಿಕೊಳ್ಳುವುದು? ಜೊತೆಗೆ ‘ಪೂರಕ ಎಳೆ’, ‘ವಾಹಕ’, ‘ರೂಪಾಂತರ’ ಇವುಗಳ ಬಗ್ಗೆಯೂ ಅಭಿಪ್ರಾಯ ಬೇಕು. ಡಿಎನ್‌ಎ ತುಂಡನ್ನು ಟ್ಯೂಬಿನಲ್ಲಿ ಕೋಟಿಗಟ್ಟಲೆ ಹೆಚ್ಚಿಸುವ ಪಿಸಿಆರ್ ವಿಧಾನದ ಮೂರು ಹಂತಗಳಿಗೆ ಬಳಕೆಯಲ್ಲಿರುವ ಪದಗಳನ್ನು ಯಾರಾದರೂ ತಿಳಿಸಿದರೆ ಉಪಕಾರ.

* * *

ನಿಮ್ಮ ಪ್ರಶ್ನೆಗಳಲ್ಲಿ ಮೊದಲು ‘ಪ್ರತಿ’. ಕನ್ನಡದಲ್ಲಿ ಇದು ನಾಲ್ಕು ಕೆಲಸ ಮಾಡುತ್ತದೆ. ಹಸ್ತಪ್ರತಿ, ಓಲೆಪ್ರತಿ ಎನ್ನುವಾಗ ನಕಲು. ಪ್ರತಿಮೆ, ಪ್ರತಿಬಿಂಬ ಎನ್ನುವಾಗ ಹೋಲಿಕೆ. ಪ್ರತಿವಾದಿ, ಪ್ರತಿಪಕ್ಷ ಎನ್ನುವಾಗ ಎದುರು. ಪ್ರತಿದಿನ ಎನ್ನುವಾಗ ಒಂದೊಂದೂ. ಆಣ್ವಿಕ ಜೀವಶಾಸ್ತ್ರಕ್ಕೆ ಈ ನಾಲ್ಕು ಅರ್ಥಗಳೂ ಬೇಕಾಗಿರುವುದರಿಂದಲೇ ತೊಡಕು ಹುಟ್ಟಿದೆ. ಕೈಪಿಡಿಯ ಮಟ್ಟಿಗಾದರೂ ‘ಪ್ರತಿ’ಯನ್ನು ನಕಲಿನ ಅರ್ಥಕ್ಕೆ ಮಾತ್ರ ಮೀಸಲಿಡಿ. ಎದುರಿನ ಅರ್ಥಕ್ಕೆ ‘ಎದುರು’ ಇದೆ, ಎಣಿಕೆಯ ಅರ್ಥಕ್ಕೆ ‘ಒಂದೊಂದು’ ಇದೆ. ಆಂಟಿಕೋಡಾನ್ ಅನ್ನು ‘ಎದುರುಕೋಡಾನ್’ ಎಂದರೆ ಸಾಕು. ಪ್ರತಿಸಮಾಂತರಕ್ಕೆ ‘ವಿರುದ್ಧ ದಿಕ್ಕಿನ ಸಮಾಂತರ ಎಳೆಗಳು’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ದಿಕ್ಕು ಎಂಬ ಮಾತು ಒಳಗೇ ಇರುತ್ತದೆ.

ಈಗ ಮುಖ್ಯ ಪದಕ್ಕೆ ಬರೋಣ. ರೆಪ್ಲಿಕೇಶನ್‌ಗೆ ‘ಪ್ರತಿಕೃತಿ’ ಎಂದಾಗ ಓದುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಓಲೆಗರಿಯದು: ಲಿಪಿಕಾರ ಮೂಲವನ್ನು ನೋಡಿ ಹೊಸ ಗರಿಯ ಮೇಲೆ ಬರೆದ, ಮೂಲ ಇಡಿಯಾಗಿ ಉಳಿಯಿತು, ಇಡೀ ಹೊಸದೊಂದು ಹುಟ್ಟಿತು. ಡಿಎನ್‌ಎಯಲ್ಲಿ ಹೀಗೆ ಆಗುವುದಿಲ್ಲ. ಹಳೆಯ ಎರಡು ಎಳೆಗಳು ಬೇರ್ಪಟ್ಟು, ಒಂದೊಂದಕ್ಕೂ ಹೊಸ ಎಳೆ ಕೂಡಿಕೊಂಡು, ಕೊನೆಗೆ ಸಿಗುವ ಎರಡು ಅಣುಗಳಲ್ಲೂ ಅರ್ಧ ಹಳತು, ಅರ್ಧ ಹೊಸತು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಭಾರದ ನೈಟ್ರೋಜನ್ ಬಳಸಿ ತೋರಿಸಿದ್ದು ಇದನ್ನೇ. ಮೂಲ ಇಡಿಯಾಗಿ ಉಳಿಯುತ್ತದೆ ಎಂಬ ಊಹೆಯನ್ನು ಅವರ ಪ್ರಯೋಗ ತಳ್ಳಿಹಾಕಿತು. ಅವರು ತಳ್ಳಿಹಾಕಿದ ಚಿತ್ರವನ್ನು ನಮ್ಮ ‘ಪ್ರತಿಕೃತಿ’ ಮಕ್ಕಳ ತಲೆಗೆ ಮತ್ತೆ ತುಂಬುತ್ತದೆ. ಆದ್ದರಿಂದ ರೆಪ್ಲಿಕೇಶನ್‌ಗೆ ‘ಇಮ್ಮಡಿಕೆ’ ಎನ್ನಿ. ಇಮ್ಮಡಿಸು ಎಲ್ಲರಿಗೂ ಗೊತ್ತಿರುವ ಕ್ರಿಯಾಪದ, ಒಂದು ಎರಡಾಗುವುದನ್ನಷ್ಟೇ ಅದು ಹೇಳುತ್ತದೆ, ಮೂಲ ಯಾವುದು ನಕಲು ಯಾವುದು ಎಂಬ ಪ್ರಶ್ನೆಯನ್ನು ಎಬ್ಬಿಸುವುದಿಲ್ಲ.

ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಓಲೆಗರಿಯ ಚಿತ್ರ ಸರಿಹೊಂದುತ್ತದೆ. ಡಿಎನ್‌ಎ ಇದ್ದಲ್ಲೇ ಇರುತ್ತದೆ, ಅದರ ಒಂದು ಭಾಗದ ನಕಲು ಆರ್‌ಎನ್‌ಎಯಾಗಿ ಹೊರಗೆ ಹೋಗುತ್ತದೆ. ಹಾಗಾಗಿ ‘ಪ್ರತಿಲೇಖನ’ ಇರಲಿ. ಟ್ರಾನ್ಸ್‌ಲೇಶನ್‌ಗೆ ‘ಅನುವಾದ’ವೂ ಸರಿಯೇ: ನಾಲ್ಕು ಬೇಸ್‌ಗಳ (ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ; ಆರ್‌ಎನ್‌ಎಯಲ್ಲಿ ಟಿ ಬದಲು ಯು) ಬರಹ ಇಪ್ಪತ್ತು ಅಮೈನೋ ಆಮ್ಲಗಳ ಬರಹವಾಗುತ್ತದೆ, ಭಾಷೆಯೇ ಬದಲಾಗುತ್ತದೆ.

‘ಪ್ರತ್ಯಾಮ್ಲ’ವನ್ನು ಇಲ್ಲಿ ಕೈಬಿಟ್ಟು ‘ಬೇಸ್’ ಎಂದೇ ಬರೆಯಿರಿ. ಹತ್ತನೆಯ ತರಗತಿಯಲ್ಲಿ ಪ್ರತ್ಯಾಮ್ಲ ಎಂದರೆ ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುವ ವಸ್ತು ಎಂದು ಮಗು ಕಲಿತಿರುತ್ತದೆ. ಅದೇ ಮಗು ಇಲ್ಲಿಗೆ ಬಂದು ‘ನ್ಯೂಕ್ಲಿಯಿಕ್ ಆಮ್ಲದಲ್ಲಿ ಪ್ರತ್ಯಾಮ್ಲಗಳಿವೆ’ ಎಂದು ಓದಿದರೆ, ಎರಡೂ ಸೇರಿ ಲವಣ ಆಗಬೇಕಲ್ಲ ಎಂದು ಕೇಳುತ್ತದೆ. ನ್ಯಾಯವಾದ ಪ್ರಶ್ನೆ. ಆಮ್ಲಗುಣ ಫಾಸ್ಫೇಟಿನದು, ಪ್ರತ್ಯಾಮ್ಲಗುಣ ನೈಟ್ರೋಜನ್ ಇರುವ ಉಂಗುರಗಳದು ಮತ್ತು ಬಹಳ ದುರ್ಬಲ. ಇದನ್ನು ಒಮ್ಮೆ ವಿವರಿಸಿ, ಮುಂದೆ ಬೇಸ್, ಬೇಸ್‌ಜೋಡಿ, ಕಿಲೋಬೇಸ್ ಎಂದು ಸಾಗಿದರೆ ಅಳತೆಯ ಪದಗಳೂ ಹೊಂದಿಕೊಳ್ಳುತ್ತವೆ.

‘ಪೂರಕ’ದ ಕಷ್ಟ ಬೇರೆ. ಪಿಯು ಮಗುವಿಗೆ ಮೊದಲು ನೆನಪಾಗುವುದು ಹಿಂದೆ ಇದ್ದ ಪೂರಕ ಪರೀಕ್ಷೆ. ಅಲ್ಲಿ ಪೂರಕ ಎಂದರೆ ಹೆಚ್ಚುವರಿ. ಆದರೆ ಅದೇ ಮಗು ಗಣಿತದಲ್ಲಿ ಪೂರಕ ಕೋನವನ್ನೂ ಕಲಿತಿದೆ: ಒಂದು 35 ಡಿಗ್ರಿ ಎಂದರೆ ಇನ್ನೊಂದು 55 ಎಂದು ಕೇಳದೆಯೇ ಹೇಳಬಹುದು. ಪೂರಕ ಎಳೆಯ ಅರ್ಥವೂ ಅಷ್ಟೇ, ಎ ಎದುರು ಟಿ, ಜಿ ಎದುರು ಸಿ ಬರುವುದರಿಂದ ಒಂದು ಗೊತ್ತಿದ್ದರೆ ಇನ್ನೊಂದು ಗೊತ್ತಾದಂತೆ. ಪದವನ್ನು ಉಳಿಸಿಕೊಂಡು ಮೊದಲ ಬಳಕೆಯಲ್ಲೇ ಪೂರಕ ಕೋನಕ್ಕೆ ಗಂಟು ಹಾಕಿ.

ಆರಿಸಿದ ಪದ ಸರಿಯೇ ಎಂದು ತಿಳಿಯಲು ಅದನ್ನೇ ಬಳಸಿ ಒಂದು ಲೆಕ್ಕ ಕೊಟ್ಟು ನೋಡಬೇಕು. ಪ್ರತಿಲೇಖನಕ್ಕೆ ಅಚ್ಚಾಗುವ ಟೆಂಪ್ಲೇಟ್ ಎಳೆಗೆ ‘ಅಚ್ಚೆಳೆ’ ಎಂದಿಟ್ಟುಕೊಳ್ಳೋಣ. 5′, 3′ ಎಂಬವು ಎಳೆಯ ಎರಡು ತುದಿಗಳ ಹೆಸರು, ಎಂಆರ್‌ಎನ್‌ಎ ಎಂದರೆ ಪ್ರತಿಲೇಖನದಲ್ಲಿ ಸಿಗುವ ಆರ್‌ಎನ್‌ಎ ನಕಲು.

ಅಚ್ಚೆಳೆ: 3′ ಟಿಎಸಿ ಜಿಜಿಎ ಸಿಟಿಟಿ ಎಟಿಟಿ 5′
ಕೋಡಿಂಗ್ ಎಳೆ: 5′ ಎಟಿಜಿ ಸಿಸಿಟಿ ಜಿಎಎ ಟಿಎಎ 3′
ಎಂಆರ್‌ಎನ್‌ಎ: 5′ ಎಯುಜಿ ಸಿಸಿಯು ಜಿಎಎ ಯುಎಎ 3′

ಅನುವಾದ: ಮೆಥಿಯೊನೀನ್, ಪ್ರೋಲೀನ್, ಗ್ಲುಟಮಿಕ್ ಆಮ್ಲ, ನಿಲುಗಡೆ. ಸಿಸಿಯುಗೆ ಎದುರುಕೋಡಾನ್ 3′ ಜಿಜಿಎ 5′. ರೂಢಿಯಂತೆ 5′ ತುದಿಯಿಂದ ಬರೆದರೆ ಎಜಿಜಿ.

ಅಚ್ಚೆಳೆಯ ಎಡತುದಿಯೇ 5′ ಎಂದುಕೊಂಡ ಮಗು ಎಂಆರ್‌ಎನ್‌ಎಯನ್ನು ತಿರುಗಿಸಿ ಓದಿ ಎಎಯು ಎಎಜಿ ಯುಸಿಸಿ ಜಿಯುಎ ಎಂದು ಬರೆಯುತ್ತದೆ. ಆಗ ಆಸ್ಪರಜೀನ್, ಲೈಸೀನ್, ಸೆರೀನ್, ವ್ಯಾಲೀನ್ ಬರುತ್ತವೆ, ಆರಂಭದ ಕೋಡಾನೂ ಇಲ್ಲ, ನಿಲುಗಡೆಯೂ ಇಲ್ಲ. ಇನ್ನೊಂದು ತಪ್ಪು ‘ಕೋಡಿಂಗ್ ಎಳೆ’ ಎಂಬ ಹೆಸರಿನಿಂದಲೇ ಹುಟ್ಟುತ್ತದೆ. ಪ್ರತಿಲೇಖನಗೊಳ್ಳುವುದು ಅದೇ ಎಂದು ಭಾವಿಸುತ್ತಾರೆ. ಅದು ಅಚ್ಚಾಗುವುದೇ ಇಲ್ಲ, ಅದರ ಬರಹ ಎಂಆರ್‌ಎನ್‌ಎಯ ಬರಹವನ್ನು ಹೋಲುತ್ತದೆ, ಟಿ ಇದ್ದಲ್ಲಿ ಯು ಎಂಬುದೊಂದೇ ವ್ಯತ್ಯಾಸ. ‘ಅಚ್ಚೆಳೆ’ ಎಂಬ ಹೆಸರು ಪಕ್ಕದಲ್ಲಿದ್ದರೆ ಈ ತಪ್ಪು ಕಡಿಮೆಯಾಗುತ್ತದೆ.

* * *

ಮೇಲಿನ ಉತ್ತರದ ‘ಇಮ್ಮಡಿಕೆ’ಗೆ ನನ್ನ ಒಪ್ಪಿಗೆ, ಆದರೆ ಒಂದು ಎಚ್ಚರಿಕೆ. ಜೀನ್ ಡ್ಯೂಪ್ಲಿಕೇಶನ್ ಎಂಬುದು ಬೇರೆಯೇ ಸಂಗತಿ, ಒಂದೇ ವರ್ಣತಂತುವಿನಲ್ಲಿ ಒಂದು ತುಂಡು ಎರಡು ಸಲ ಬರುವುದು. ಅದಕ್ಕೂ ಇಮ್ಮಡಿಕೆ ಎಂದುಬಿಟ್ಟರೆ ಮತ್ತೆ ಮೊದಲಿನ ಗೊಂದಲವೇ. ನಮ್ಮ ವ್ಯಾಕರಣದ ‘ದ್ವಿರುಕ್ತಿ’ಯನ್ನು ಅಲ್ಲಿ ಬಳಸಬಹುದು. ಒಂದೇ ವಾಕ್ಯದೊಳಗೆ ಅದೇ ಪದ ಮತ್ತೆ ಬರುವುದು ಎಂಬ ಅರ್ಥ ಹೈಸ್ಕೂಲಿನಿಂದಲೇ ಗೊತ್ತಿರುತ್ತದೆ.

ಪಿಸಿಆರ್‌ನ ಡಿನೇಚರೇಶನ್, ಅನೀಲಿಂಗ್, ಎಕ್ಸ್‌ಟೆನ್ಶನ್ ಹಂತಗಳಿಗೆ ‘ಬಿಡಿಸು, ಕೂಡಿಸು, ನೀಳಿಸು’ ಸಾಕು ಎಂಬುದು ನನ್ನ ಅಭಿಪ್ರಾಯ. ಡಿನೇಚರೇಶನ್‌ಗೆ ‘ಗುಣಗೆಡಿಸು’, ‘ವಿಕೃತಗೊಳಿಸು’ ಎಂಬವು ಪ್ರೋಟೀನಿಗೆ ಸರಿ: ಬೆಂದ ಮೊಟ್ಟೆಯ ಬಿಳಿಭಾಗ ತಿರುಗಿ ನೀರಾಗುವುದಿಲ್ಲ. ಡಿಎನ್‌ಎ ಎಳೆಗಳಾದರೋ ತಣ್ಣಗಾದರೆ ಮತ್ತೆ ಕೂಡುತ್ತವೆ, ಪಿಸಿಆರ್ ನಿಂತಿರುವುದೇ ಆ ಗುಣದ ಮೇಲೆ. ‘ಒಡೆಯುವುದು’, ‘ತುಂಡಾಗುವುದು’ ಕೂಡ ಬೇಡ. 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಡುವುದು ಎರಡು ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಮಾತ್ರ, ಎಳೆಯ ಬೆನ್ನೆಲುಬು ಹಾಗೇ ಇರುತ್ತದೆ. ‘ಕತ್ತರಿಸು’ ಎಂಬ ಕ್ರಿಯಾಪದವನ್ನು, ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ತುಂಡರಿಸುವ ರಿಸ್ಟ್ರಿಕ್ಷನ್ ಕಿಣ್ವಗಳಿಗೆ ಕಾದಿರಿಸಿ. ಅನೀಲಿಂಗ್‌ಗೆ ನಿಘಂಟಿನಲ್ಲಿ ಸಿಗುವುದು ಲೋಹ ಕಾಸಿ ನಿಧಾನವಾಗಿ ಆರಿಸಿ ಹದಗೊಳಿಸುವ ಅರ್ಥ. ಇಲ್ಲಿ ಬೇಕಾದದ್ದು ಪ್ರೈಮರ್ (ಹೊಸ ಎಳೆಗೆ ಮೊದಲಾಗುವ ಗಿಡ್ಡ ತುಂಡು) ತನ್ನ ಪೂರಕ ಜಾಗದಲ್ಲಿ ಕೂಡಿಕೊಳ್ಳುವುದು. ಆದ್ದರಿಂದ ‘ಕೂಡಿಸು’. ಇದು ಸಾಮಾನ್ಯವಾಗಿ 50ರಿಂದ 65 ಡಿಗ್ರಿಯಲ್ಲಿ ನಡೆಯುತ್ತದೆ. ನೀಳಿಸುವುದು 72 ಡಿಗ್ರಿಯಲ್ಲಿ, ಹೊಸ ಎಳೆ ಕಟ್ಟುವ ಟ್ಯಾಕ್ ಕಿಣ್ವಕ್ಕೆ ಸಾವಿರ ಬೇಸ್‌ಜೋಡಿಗೆ ಸುಮಾರು ಒಂದು ನಿಮಿಷ ಲೆಕ್ಕ.

ಮೆಲ್ಟಿಂಗ್ ಟೆಂಪರೇಚರ್‌ಗೆ ‘ಕರಗುವ ತಾಪ’ ಎಂಬ ಪದವನ್ನು ದಯವಿಟ್ಟು ಬಳಸಬೇಡಿ. ಡಿಎನ್‌ಎ ಮೊದಲೇ ನೀರಿನಲ್ಲಿ ಕರಗಿದೆ. ಅರ್ಧದಷ್ಟು ಜೋಡಿಗಳ ಎಳೆಗಳು ಬಿಟ್ಟಿರುವ ತಾಪವದು, ‘ಎಳೆ ಬಿಡುವ ತಾಪ’ ಎಂದರೆ ಅರ್ಥವೂ ಲೆಕ್ಕವೂ ಕೂಡುತ್ತವೆ. ಗಿಡ್ಡ ಪ್ರೈಮರಿಗೆ ಅಂದಾಜು ಲೆಕ್ಕ: ಎ, ಟಿ ಒಂದಕ್ಕೆ 2 ಡಿಗ್ರಿ, ಜಿ, ಸಿ ಒಂದಕ್ಕೆ 4 ಡಿಗ್ರಿ. 20 ಬೇಸ್‌ಗಳಲ್ಲಿ 10 ಜಿ, ಸಿ ಇದ್ದರೆ 60 ಡಿಗ್ರಿ. ಕೂಡಿಸುವ ತಾಪವನ್ನು ಅದಕ್ಕಿಂತ ಮೂರರಿಂದ ಐದು ಡಿಗ್ರಿ ಕೆಳಗಿಟ್ಟು ಆರಂಭಿಸುತ್ತಾರೆ. ತೀರಾ ಕೆಳಗಿಟ್ಟರೆ ಪ್ರೈಮರ್ ಅರೆಬರೆ ಹೊಂದುವ ಕಡೆಯೂ ಕೂತು ಬೇಡದ ತುಂಡುಗಳು ಬೆಳೆಯುತ್ತವೆ. ಮೇಲಿಟ್ಟರೆ ಏನೂ ಬೆಳೆಯುವುದಿಲ್ಲ.

ಪ್ರಯೋಗದ ಪುಟದಲ್ಲಿ ಇನ್ನೂ ಅಪಾಯದ ಮಾತು ‘10 ಪಟ್ಟು ಬಫರ್’. ಹತ್ತು ಪಟ್ಟು ಸಾಂದ್ರವಾಗಿರುವ ಬಫರ್ (ಕಿಣ್ವಕ್ಕೆ ಬೇಕಾದ ಉಪ್ಪಿರುವ ದ್ರಾವಣ) ಎಂಬುದು ಉದ್ದೇಶ. ‘10 ಪಟ್ಟು ಬಫರ್ ಹಾಕಿ’ ಎಂಬ ವಾಕ್ಯವನ್ನು ಹತ್ತು ಪಾಲು ಹಾಕಿ ಎಂದೂ ಓದಬಹುದು. ಹಾಗೆ ಹಾಕಿದರೆ ಉಪ್ಪಿನ ಅಂಶ ಮಿತಿಮೀರಿ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ. ‘ಹತ್ತುಪಟ್ಟು ಸಾಂದ್ರ ಬಫರ್’ ಎಂದು ಬರೆದು ಅಳತೆಯನ್ನೂ ಕೊಡಿ. 25 ಮೈಕ್ರೋಲೀಟರ್ ಮಿಶ್ರಣಕ್ಕೆ ಮ್ಯಾಗ್ನೀಸಿಯಂ ಸೇರಿರುವ ಹತ್ತುಪಟ್ಟು ಸಾಂದ್ರ ಬಫರ್ 2.5, ಒಂದೊಂದೂ 10 ಮಿಲಿಮೋಲಾರ್ ಇರುವ ಡಿಎನ್‌ಟಿಪಿ (ಹೊಸ ಎಳೆಯ ಬಿಡಿಘಟಕಗಳು) ಮಿಶ್ರಣ 0.5, 10 ಮೈಕ್ರೋಮೋಲಾರ್‌ನ ಎರಡು ಪ್ರೈಮರ್‌ಗಳು ತಲಾ 1, ಅಚ್ಚಿನ ಡಿಎನ್‌ಎ 1, ಮೈಕ್ರೋಲೀಟರಿಗೆ 5 ಯೂನಿಟ್ ಇರುವ ಟ್ಯಾಕ್ 0.2, ಉಳಿದ 18.8 ನೀರು. 0.2 ಅನ್ನು ಪಿಪೆಟ್ಟಿನಲ್ಲಿ ನಿಖರವಾಗಿ ಅಳೆಯುವುದು ಕಷ್ಟ. ಅಚ್ಚನ್ನು ಬಿಟ್ಟು ಉಳಿದೆಲ್ಲವನ್ನೂ ಹತ್ತು ಟ್ಯೂಬಿಗಾಗುವಷ್ಟು ಒಟ್ಟಿಗೆ ಕಲಸಿ ಹಂಚುವುದು ಅದಕ್ಕೇ. ಒಂದು ಟ್ಯೂಬಿಗೆ ಅಚ್ಚಿನ ಬದಲು ನೀರು ಹಾಕಿಡಬೇಕು. ಅದರಲ್ಲೂ ಡಿಎನ್‌ಎ ಬೆಳೆದರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ.

ಸೈಕಲ್‌ಗೆ ‘ಸುತ್ತು’ ಎನ್ನೋಣ. 30 ಸುತ್ತುಗಳು ಪೂರ್ತಿ ಇಮ್ಮಡಿಸಿದರೆ ಒಂದು ಅಣು ಸುಮಾರು 107 ಕೋಟಿಯಾಗುತ್ತದೆ. ಕೊನೆಯ ಸುತ್ತುಗಳಲ್ಲಿ ಪ್ರೈಮರ್, ಡಿಎನ್‌ಟಿಪಿ ಕಡಿಮೆಯಾಗಿ ಕಿಣ್ವವೂ ಸೋಲುವುದರಿಂದ ನಿಜದಲ್ಲಿ ಅಷ್ಟು ಬರುವುದಿಲ್ಲ.

* * *

ಕೇಳದೇ ಇರುವ ಒಂದು ಪದವನ್ನು ಸೇರಿಸುತ್ತೇನೆ, ಇದೇ ಅಧ್ಯಾಯದಲ್ಲಿ ಬರುವ ಪಾಲಿಂಡ್ರೋಮ್. ಚಿತ್ರಕವಿತ್ವದ ‘ಗತಪ್ರತ್ಯಾಗತ’ ಕೂಡಲೇ ನೆನಪಾಗುತ್ತದೆ, ಮಕ್ಕಳಿಗೆ ‘ವಿಕಟಕವಿ’, ‘ಕುಬೇರನಿಗೇನಿರಬೇಕು’ ಗೊತ್ತೇ ಇವೆ. ಆದರೆ ಅಲ್ಲಿ ಒಂದೇ ಸಾಲನ್ನು ಹಿಂದಿನಿಂದ ಓದುತ್ತೇವೆ. ಇಕೋಆರ್1 ಎಂಬ ರಿಸ್ಟ್ರಿಕ್ಷನ್ ಕಿಣ್ವ ಗುರುತಿಸುವ ಜಿಎಎಟಿಟಿಸಿಯನ್ನು ಹಿಂದಿನಿಂದ ಓದಿದರೆ ಸಿಟಿಟಿಎಎಜಿ ಬರುತ್ತದೆ, ಅದು ಬೇರೆಯೇ ಬರಹ. ಇಲ್ಲಿ ಓದಬೇಕಾದದ್ದು ಪೂರಕ ಎಳೆಯನ್ನು, ಅದರ 5′ ತುದಿಯಿಂದ. ಆಗ ಮತ್ತೆ ಜಿಎಎಟಿಟಿಸಿ ಸಿಗುತ್ತದೆ. ‘ಕುಬೇರ’ನ ಉದಾಹರಣೆಯನ್ನು ಮಾತ್ರ ಕೊಟ್ಟು ನಿಲ್ಲಿಸಿದರೆ ಮಕ್ಕಳು ಪರೀಕ್ಷೆಯಲ್ಲಿ ಜಿಎಎಎಎಜಿಯಂಥದ್ದನ್ನು ಗುರುತು ಹಾಕುತ್ತಾರೆ. ‘ಎರಡೆಳೆಯ ಗತಪ್ರತ್ಯಾಗತ’ ಎಂದು ಹೆಸರಿಟ್ಟರೆ ಎರಡನೆಯ ಎಳೆ ಮರೆಯುವುದಿಲ್ಲ. ಹೆಸರಿನಲ್ಲಿ ಮತ್ತೆ ‘ಪ್ರತಿ’ ಅಡಗಿದೆ ನಿಜ, ಆದರೆ ಇಲ್ಲಿ ಅದು ಯಾವುದರೊಂದಿಗೂ ತಾಗುವುದಿಲ್ಲ.

‘ವಾಹಕ’ವನ್ನು ನಾನು ಬಿಟ್ಟುಬಿಡುತ್ತೇನೆ. ಭೌತಶಾಸ್ತ್ರದಲ್ಲಿ ವಿದ್ಯುತ್ ವಾಹಕ, ಆರೋಗ್ಯ ಪಾಠದಲ್ಲಿ ಸೊಳ್ಳೆ ರೋಗವಾಹಕ, ಹಿಮೋಫಿಲಿಯಾ ಪಾಠದಲ್ಲಿ ತಾಯಿ ವಾಹಕಿ, ಜೀನ್ ಎಂದರೆ ವಂಶವಾಹಿ. ಇಷ್ಟಾದ ಮೇಲೆ ‘ವಂಶವಾಹಿಯ ವಾಹಕ’ ಎಂದರೆ ತಾಯಿಯೋ ಪ್ಲಾಸ್ಮಿಡ್ಡೋ (ಜೀನನ್ನು ಕೋಶದೊಳಗೆ ಒಯ್ಯುವ ಉಂಗುರಾಕಾರದ ಡಿಎನ್‌ಎ) ತಿಳಿಯದು. ‘ಸಾಗಣೆ ಡಿಎನ್‌ಎ’ ಎಂದು ಬರೆದು ಪಕ್ಕದಲ್ಲಿ ಕ್ಲೋನಿಂಗ್ ವೆಕ್ಟರ್ ಎಂದು ಕೊಡಿ. ಪ್ಲಾಸ್ಮಿಡ್ ಆಗಲಿ ವೈರಸ್ ಆಗಲಿ ಎರಡಕ್ಕೂ ಒಪ್ಪುತ್ತದೆ.

‘ರೂಪಾಂತರ’ವೂ ಹಾಗೆಯೇ. ಕೊರೋನಾ ಕಾಲದಲ್ಲಿ ಪತ್ರಿಕೆಗಳು ವೈರಸ್ಸಿನ ಬಗೆಗಳಿಗೆ ರೂಪಾಂತರಿ ಎಂದವು, ಅದು ನೆಲೆಯೂರಿದೆ. ಮ್ಯುಟೇಶನ್‌ಗೆ ‘ಉತ್ಪರಿವರ್ತನೆ’ ಇದೆ. ಗ್ರಿಫಿತ್ 1928ರಲ್ಲಿ ಕಂಡ ಟ್ರಾನ್ಸ್‌ಫಾರ್ಮೇಶನ್‌ನಲ್ಲಿ ರೂಪ ಬದಲಾದದ್ದು ಪರಿಣಾಮ. ಕ್ರಿಯೆ ಎಂದರೆ ಬ್ಯಾಕ್ಟೀರಿಯಾ ಹೊರಗಿನ ಡಿಎನ್‌ಎಯನ್ನು ಒಳಗೆ ತೆಗೆದುಕೊಳ್ಳುವುದು. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಹದಮಾಡಿದ ಕೋಶಗಳನ್ನು ಡಿಎನ್‌ಎ ಜೊತೆ ಮಂಜುಗಡ್ಡೆಯಲ್ಲಿಟ್ಟು, ಸ್ವಲ್ಪ ಹೊತ್ತು 42 ಡಿಗ್ರಿಗೆ ಒಡ್ಡಿ, ಮತ್ತೆ ಮಂಜುಗಡ್ಡೆಗೆ ತರುವ ಪ್ರಯೋಗವನ್ನು ವಿವರಿಸುವಾಗ ‘ಡಿಎನ್‌ಎ ಒಳಗೊಳ್ಳುವಿಕೆ’ ಎಂದರೆ ಏನು ನಡೆಯುತ್ತಿದೆ ಎಂಬುದು ಹೆಸರಿನಲ್ಲೇ ಇರುತ್ತದೆ. ಅಲ್ಲಿ ಬರುವ ಕಾಂಪಿಟೆಂಟ್ ಕೋಶಕ್ಕೆ ‘ಸಮರ್ಥ’ಕ್ಕಿಂತ ‘ಹದಮಾಡಿದ ಕೋಶ’ ಹೆಚ್ಚು ಹೇಳುತ್ತದೆ.

ಕೈಪಿಡಿಯ ಶೀರ್ಷಿಕೆಯಲ್ಲಿ ‘ಆಣ್ವಿಕ’ ಎಂದೇ ಇಟ್ಟಿರುವುದು ಒಳ್ಳೆಯದು. ‘ಅಣುಜೀವಶಾಸ್ತ್ರ’ ಎಂದಿದ್ದರೆ ಅಣುಜೀವಿಗಳ ಶಾಸ್ತ್ರ ಎಂದು ಓದಿಕೊಳ್ಳುತ್ತಿದ್ದರು.

ಪದಪಟ್ಟಿಯಲ್ಲಿ ಕನ್ನಡ ಪದದ ಪಕ್ಕ ಇಂಗ್ಲಿಷ್ ಪದದ ಉಚ್ಚಾರಣೆಯ ಜೊತೆಗೆ ಅದರ ಕಾಗುಣಿತವನ್ನೂ ಕೊಡಿ. ಮಕ್ಕಳು ಮುಂದೆ ಜೀನ್ ಬರಹಗಳ ದಾಖಲೆಗಳಿರುವ ಎನ್‌ಸಿಬಿಐ ಜಾಲದಲ್ಲಿ, ಪ್ರೈಮರ್ ಆರಿಸಿಕೊಡುವ ಪ್ರೈಮರ್-ಬ್ಲಾಸ್ಟ್‌ನಲ್ಲಿ, ಅಮೃತ ವಿಶ್ವವಿದ್ಯಾಲಯದ ವರ್ಚುವಲ್ ಲ್ಯಾಬ್‌ನಲ್ಲಿ ಹುಡುಕಬೇಕಾಗುವುದು ಆ ಕಾಗುಣಿತದಿಂದಲೇ. ಎನ್‌ಸಿಬಿಐ ಬಳಸುವವರಿಗೆ ಎರಡು ಸೂಚನೆ ಅಗತ್ಯ. ಅಲ್ಲಿ ಕೊಟ್ಟಿರುವುದು ಒಂದೇ ಎಳೆ, ಎಡತುದಿ 5′. ಎಂಆರ್‌ಎನ್‌ಎ ಎಂದು ಹೆಸರಿರುವ ದಾಖಲೆಯಲ್ಲೂ ಯು ಬದಲು ಟಿಯನ್ನೇ ಬರೆದಿರುತ್ತಾರೆ. ಅದನ್ನು ನೋಡಿ ಡಿಎನ್‌ಎಯೇ ಇರಬೇಕು ಎಂದುಕೊಂಡು ಮಕ್ಕಳು ಮತ್ತೊಮ್ಮೆ ಪೂರಕ ಬರೆಯಲು ಹೋಗುತ್ತಾರೆ. ಟಿ ಇದ್ದಲ್ಲಿ ಯು ಹಾಕಿಕೊಂಡು ನೇರವಾಗಿ ಕೋಡಾನ್ ಪಟ್ಟಿಗೆ ಹೋಗಬಹುದು, ಆದರೆ ಅನುವಾದವನ್ನು ಆರಂಭಿಸುವ ಎಯುಜಿ ಸಾಲಿನ ತುದಿಯಲ್ಲೇ ಇರುವುದಿಲ್ಲ. ಅನುವಾದವಾಗುವ ಭಾಗ ಎಷ್ಟನೆಯ ಬೇಸ್‌ನಿಂದ ಎಷ್ಟನೆಯದರವರೆಗೆ ಎಂಬುದು ದಾಖಲೆಯ ಸಿಡಿಎಸ್ ಎಂಬ ಸಾಲಿನಲ್ಲಿರುತ್ತದೆ.