ಕೀಮೋ ಮುಗಿಸಿ ಬರುತ್ತಿರುವ ಟೈಲರ್‌ಗೆ ಯಾವ ಕೆಲಸ ಕೊಡಬೇಕು?

ಪೀಣ್ಯ_ಎಚ್‌ಆರ್: ನಮ್ಮದು ಗಾರ್ಮೆಂಟ್ಸ್ ಘಟಕ. ಸಿಂಗಲ್ ನೀಡಲ್ ಟೈಲರ್ ಒಬ್ಬರು ಮರಳುತ್ತಿದ್ದಾರೆ. ಕ್ಯಾನ್ಸರ್‌ಗೆ ಬಲ ಸ್ತನದ ಆಪರೇಷನ್ ಆಗಿದೆ, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ, ರೇಡಿಯೇಷನ್ ಮುಗಿದಿವೆ. ಟ್ರಾಸ್ಟುಜುಮ್ಯಾಬ್ ಎಂಬ ಕ್ಯಾನ್ಸರ್ ಇಂಜೆಕ್ಷನ್ 21 ದಿನಕ್ಕೊಮ್ಮೆ ಇನ್ನೂ ಏಳು ಸಲ ಇದೆ. ಕೈಕಾಲಿನ ಬೆರಳುಗಳಲ್ಲಿ ಜೋಮು. ಡಾಕ್ಟರ ಚೀಟಿಯಲ್ಲಿ 'ಹಗುರ ಕೆಲಸ ಮಾಡಬಹುದು' ಎಂದಷ್ಟೇ ಬರೆದಿದೆ. ಮೊದಲ ತಿಂಗಳು ಅರ್ಧ ದಿನ ಥ್ರೆಡ್ ಟ್ರಿಮ್ಮಿಂಗ್ (ಉಳಿದ ದಾರ ಕತ್ತರಿಸುವ ಕೆಲಸ) ಕೊಡುವ ಯೋಚನೆ. ಸರಿಯೇ?

ಲೈನ್_ಲೆಕ್ಕ: ಟ್ರಿಮ್ಮಿಂಗ್ ಬೇಡ. ನೋಡಲು ಹಗುರ, ಆದರೆ ದಿನವಿಡೀ ನಿಂತು ಸಣ್ಣ ಕತ್ತರಿ ಒತ್ತುವ ಕೆಲಸ. ಜೋಮು ಹಿಡಿದ ಬೆರಳಿಗೆ ಅದೇ ಕಷ್ಟ. ಐರನಿಂಗ್ ಅಂತೂ ಬೇಡವೇ ಬೇಡ, ಕಂಕುಳಿನ ಗ್ರಂಥಿ ತೆಗೆದ ಕೈ ಹಬೆಯ ಬಿಸಿಗೆ ಊದಬಹುದು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನಲ್ಲಿ ಬ್ಲೇಡ್ ಇದೆ, ಅದೂ ಬೇಡ.

ಅವರಿಗೆ ಗೊತ್ತಿರುವ ಸಿಂಗಲ್ ನೀಡಲ್ ಮೆಷಿನ್ನೇ ಇರಲಿ, ಉದ್ದ ನೇರ ಹೊಲಿಗೆ ಕೊಡಿ. ಕಾಲರ್, ಪಾಕೆಟ್ ಸದ್ಯಕ್ಕೆ ಬೇಡ. ಪಾದಕ್ಕೂ ಜೋಮು ಇದ್ದರೆ ಪೆಡಲ್ ಎಷ್ಟು ಒತ್ತಿದೆ ಎಂದು ತಿಳಿಯುವುದಿಲ್ಲ, ಮೆಷಿನ್ ಒಮ್ಮೆಲೇ ಓಡುತ್ತದೆ. ಸರ್ವೋ ಮೋಟರ್ ಆದರೆ ಮೆಕ್ಯಾನಿಕ್‌ಗೆ ಹೇಳಿ ಗರಿಷ್ಠ ವೇಗವನ್ನು ನಿಮಿಷಕ್ಕೆ 2000 ಹೊಲಿಗೆಗೆ ಇಳಿಸಿ. ಹಳೆಯ ಕ್ಲಚ್ ಮೋಟರ್‌ನಲ್ಲಿ ಇದು ಆಗದು, ಮೆಷಿನ್ನೇ ಬದಲಿಸಿ. ನೀಡಲ್ ಗಾರ್ಡ್ ಬಿಚ್ಚಿಟ್ಟಿದ್ದರೆ ಮೊದಲು ಹಾಕಿಸಿ.

ಎಲ್ಲಕ್ಕಿಂತ ಮುಖ್ಯ ಟಾರ್ಗೆಟ್. ಲೈನ್ ಲೆಕ್ಕದಲ್ಲಿ ಅವರನ್ನು ಪೂರ್ತಿ ಒಬ್ಬರೆಂದು ಹಿಡಿದರೆ ಕಡಿಮೆ ಬಿದ್ದ ಪೀಸು ಪಕ್ಕದವರ ತಲೆಗೆ ಬರುತ್ತದೆ, ವಾರದೊಳಗೆ ಗೊಣಗಾಟ ಶುರು. ಮೊದಲ ಎರಡು ವಾರ ಅರ್ಧ ಟಾರ್ಗೆಟ್, ಆಮೇಲೆ ಸ್ಥಿತಿ ನೋಡಿ ಏರಿಸಿ. ಉಳಿದದ್ದನ್ನು ಫ್ಲೋಟರ್ (ಕೊರತೆ ಇದ್ದಲ್ಲಿ ಕೂರುವ ಹೆಚ್ಚುವರಿ ಟೈಲರ್) ತುಂಬಲಿ.

ಇಎಸ್‌ಐ_ಕಡತ: ಅರ್ಧ ದಿನದ ಯೋಚನೆಯಲ್ಲೊಂದು ಗುಂಡಿ ಇದೆ. ಸಂಬಳಕ್ಕೆ ಕೆಲಸ ಮಾಡಿದ ದಿನಕ್ಕೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕೊಡುವ ಸಿಕ್‌ನೆಸ್ ಬೆನಿಫಿಟ್, ಅಂದರೆ ಕಾಯಿಲೆ ರಜೆಯ ಹಣ, ಬರುವುದಿಲ್ಲ. ಅರ್ಧ ದಿನದ ಕೂಲಿ ಮಾತ್ರ ಕೊಟ್ಟರೆ ಇನ್ನರ್ಧ ಎಲ್ಲಿಂದಲೂ ಬಾರದು. ಒಂದೋ ಕಂಪನಿ ಪೂರ್ತಿ ಸಂಬಳ ಕೊಡಲಿ, ಇಲ್ಲವೇ ಅವರು ಇನ್ನಷ್ಟು ದಿನ ಡಾಕ್ಟರ ಸರ್ಟಿಫಿಕೇಟ್ ಮೇಲೆ ರಜೆಯಲ್ಲೇ ಇರಲಿ. ಕ್ಯಾನ್ಸರ್‌ಗೆ ಮೊದಲ 91 ದಿನದ ನಂತರ ವಿಸ್ತರಿತ ಬೆನಿಫಿಟ್ ಕೂಲಿಯ 80%, ಒಟ್ಟು 2 ವರ್ಷದವರೆಗೆ. ಆದರೆ ಎರಡು ವರ್ಷದ ಸೇವೆ ಮತ್ತು ವಂತಿಗೆಯ ಷರತ್ತು ಇದೆ. ಎಷ್ಟು ದಿನ ಬಳಕೆಯಾಗಿದೆ ಎಂದು ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಕೇಳಿ. ಕೆಲಸಕ್ಕೆ ಮರಳಬಹುದೆಂದು ಡಾಕ್ಟರು ಕೊಡುವ ಫೈನಲ್ ಸರ್ಟಿಫಿಕೇಟ್‌ನ ದಿನಾಂಕಕ್ಕೆ ಮುಂಚೆ ಹಾಜರಿ ಹಾಕಬೇಡಿ.

ಇಂಜೆಕ್ಷನ್ ದಿನದ್ದು ಬೇರೆ ಲೆಕ್ಕ. ಸಾಮಾನ್ಯ ಸಿಕ್‌ನೆಸ್ ಬೆನಿಫಿಟ್‌ನಲ್ಲಿ ಮೊದಲ ಎರಡು ದಿನಕ್ಕೆ ಹಣವಿಲ್ಲ. ಹಿಂದಿನ ರಜೆ ಮುಗಿದು 15 ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಮಾತ್ರ ವಿನಾಯಿತಿ. 21 ದಿನದ ಅಂತರಕ್ಕೆ ಅದು ಸಿಗದು. ವಾರದ ರಜೆಯನ್ನೇ ಆ ದಿನಕ್ಕೆ ಬದಲಿಸಿಕೊಡಿ.

ಫಿಸಿಯೊ_ಮೈಸೂರು: 'ಹಗುರ' ಎಂದರೆ ಏನು ಎಂದು ಡಾಕ್ಟರನ್ನು ಬರವಣಿಗೆಯಲ್ಲೇ ಕೇಳಿ: ಬಲಗೈಯಲ್ಲಿ ಎಷ್ಟು ಕೆಜಿ, ಭುಜದ ಮೇಲೆ ಕೈ ಎತ್ತಬಹುದೇ, ಒಂದೇ ಸಮ ಎಷ್ಟು ಹೊತ್ತು, ಮತ್ತೆ ಪರೀಕ್ಷೆ ಯಾವಾಗ. ಬಂಡಲ್‌ಗಳನ್ನು ಹೆಲ್ಪರ್ ತಂದು ಎಡಗಡೆ ಇಡಲಿ. ಗಂಟೆಗೊಮ್ಮೆ ಎರಡು ನಿಮಿಷ ಕೈ ಚಾಚಿ, ಮುಷ್ಟಿ ಬಿಗಿದು ಬಿಡಬೇಕು. ಬಳೆ ಬಿಗಿಯಾಗುವುದು, ರವಿಕೆಯ ತೋಳು ಹಿಡಿಯುವುದು ಬಾವಿನ ಮೊದಲ ಸೂಚನೆ. ಆ ಕೈಗೆ ಸೂಜಿ ಚುಚ್ಚಿದರೆ ತಕ್ಷಣ ಸೋಪಿನಿಂದ ತೊಳೆದು ಮುಲಾಮು. ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆ.

ಟ್ರಾಸ್ಟುಜುಮ್ಯಾಬ್ ಹೃದಯಕ್ಕೆ ತೊಂದರೆ ಕೊಡಬಹುದು, ಹಾಗಾಗಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಇರುತ್ತದೆ. ಆ ದಿನಕ್ಕೂ ರಜೆ ಬೇಕು. ಮೆಟ್ಟಿಲಲ್ಲಿ ಏದುಸಿರು, ಪಾದ ಬಾವು ಕಂಡರೆ ಮುಂದಿನ ಎಕೋವರೆಗೆ ಕಾಯಬಾರದು.

ಪೀಣ್ಯ_ಎಚ್‌ಆರ್: ಸೂಪರ್‌ವೈಸರ್‌ಗೆ ಏನು ಹೇಳಲಿ?

ಲೈನ್_ಲೆಕ್ಕ: ಕಾಯಿಲೆಯ ಹೆಸರು ಬೇಡ. 'ಭಾರ ಎತ್ತಿಸಬೇಡಿ, ವೇಗ ಏರಿಸಬೇಡಿ, ಕರೆದಾಗ ಬಿಡಿ' ಎಂದು ಮೂರು ಸಾಲು ಬರೆದು ಕೊಡಿ. ಉಳಿದದ್ದನ್ನು ಯಾರಿಗೆ ಎಷ್ಟು ಹೇಳಬೇಕೆಂದು ಆ ಅಕ್ಕನನ್ನೇ ಮೊದಲು ಕೇಳಿ.